ಚೀನಾ ಎಣಿಸಿದ ಆರನೇ ಬೆರಳು

ಲಸ್ಸಿ ಅಂಗಡಿಯ ಫರ್ಜಂದನ ಬಲಗಾಲಿಗೆ ಆರು ಬೆರಳು. ನಲವತ್ತು ವರ್ಷ ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ತೊಂದರೆ ಬಂದದ್ದು ಚೀನಾದಿಂದ.

"ಓದು," ಎಂದು ಕ್ಷೌರದ ಮೆಹರ್‌ದೀನ್ ಪೇಪರನ್ನು ಲಸ್ಸಿ ಗಡಿಗೆಯ ಮೇಲೆಯೇ ಹರಡಿದ. "ನಮ್ಮ ಲಾಹೋರಿನ ಆ ಹಳೇ ಉರ್ದು ಪ್ರೇಮದ ಸಿನಿಮಾ ಚೀನಾದಲ್ಲಿ ಭರ್ಜರಿ ಓಡ್ತಿದೆಯಂತೆ. ಮಳೇಲಿ ನಾಯಕಿ ಬರಿಗಾಲಲ್ಲಿ ಓಡೋದು ನೋಡಿ ಜನ ಕರ್ಚೀಫು ಹಿಂಡ್ತಾರಂತೆ. ಅತ್ತು ಮುಗಿಸಿದವನೊಬ್ಬ ಅವಳ ಬಲಗಾಲಿನ ಬೆರಳೆಣಿಸಿದಾನೆ. ಪೂರ್ತಿ ಸಿನಿಮಾ ಐದು, ಮಳೇಲಿ ಮಾತ್ರ ಆರು."

ಫರ್ಜಂದನ ಮೀಸೆ ಜೋತುಬಿತ್ತು. ಹನ್ನೆರಡು ವರ್ಷದ ಹಿಂದೆ ನಾಯಕಿಗೆ ನೆಗಡಿಯಾಗಿ, ಸ್ಟುಡಿಯೋಗೆ ಮೊಸರು ಕೊಡಲು ಹೋಗಿದ್ದ ಇವನಿಗೇ ಅವಳ ಬಟ್ಟೆ ತೊಡಿಸಿ ಓಡಿಸಿದ್ದರು. ಅವತ್ತು ಮೀಸೆ ಬೋಳಿಸಿದವನು ಇದೇ ಮೆಹರ್‌ದೀನ್.

"ಸಾದಿಕ್ ಪೈಲ್ವಾನ್ರಿಗೆ ಗೊತ್ತಾದ್ರೆ ತಂಗೀನ ಕೊಡ್ತಾರಾ?" ಎಂದ ಫರ್ಜಂದ.

"ತಂಗೀನ ಕೊಡಲ್ಲ. ಬೇರೆ ಏನಾದ್ರೂ ಕೊಡ್ತಾರೆ."

ಅವತ್ತೇ ಮಧ್ಯಾಹ್ನ ಹೆಣ್ಣು ಕೇಳಲು ಹೋಗಬೇಕಿತ್ತು. ಮೂರು ವರ್ಷದಿಂದ ಬೇಡದಿದ್ದರೂ ಮೊಸರು ಕೊಳ್ಳುತ್ತಿದ್ದ ಪೈಲ್ವಾನನ ತಂಗಿ ಶಮೀಮಳದು ಒಪ್ಪಿಗೆಯೇ. ಅಣ್ಣನದಾಗದೆ ತಂಗಿಯ ಮದುವೆ ಮಾಡುವ ಪದ್ಧತಿ ಆ ಮನೆಯಲ್ಲಿಲ್ಲ. ಆದರೆ ಪೈಲ್ವಾನ ತನಗೆ ಮದುವೆಯೇ ಬೇಡವೆಂದು ಸರದಿ ಬಿಟ್ಟುಕೊಟ್ಟಿದ್ದ.

ಪೈಲ್ವಾನನ ಮನೆಯಲ್ಲಿ ಜಮಖಾನೆಯ ಮೇಲೆ ಚಪ್ಪಲಿ ಬಿಟ್ಟೇ ಕೂರಬೇಕು. ಆದ್ದರಿಂದ ಫರ್ಜಂದ ಜೂನ್ ಬಿಸಿಲಲ್ಲಿ ಉಣ್ಣೆಯ ಕಾಲುಚೀಲ ಹಾಕಿಕೊಂಡ.

"ಕಾಲಿಗೆ ಚಳೀನಾ?" ಎಂದ ಪೈಲ್ವಾನ. ಅವನ ತೊಡೆಯ ಮೇಲೆ ಅದೇ ಪೇಪರು.

"ಮರ್ಯಾದೆಗೆ," ಎಂದ ಫರ್ಜಂದ. ಅರ್ಧ ಗಂಟೆ ಬೆಂದು, ಶರಬತ್ತು ಬರುವಷ್ಟರಲ್ಲಿ ಗೋಣಿಚೀಲದಂತೆ ಉರುಳಿದ.

ಮೂರ್ಛೆ ಹೋದವರ ಅಂಗಾಲು ತಿಕ್ಕುವುದರಲ್ಲಿ ಜೊತೆಗೆ ಬಂದಿದ್ದ ಮೆಹರ್‌ದೀನನದು ಎತ್ತಿದ ಕೈ. ಗುಟ್ಟನ್ನೇ ಮರೆತು ಎರಡೂ ಕಾಲುಚೀಲ ಕಿತ್ತೆಸೆದ.

ಫರ್ಜಂದ ಕಣ್ಣು ಬಿಟ್ಟಾಗ ಪೈಲ್ವಾನ ಅವನ ಬಲಗಾಲು ಹಿಡಿದು ಎಣಿಸುತ್ತಿದ್ದ. ಎರಡನೇ ಸಲ.

"ಮಳೇಲಿ ಓಡಿದ್ದು ನೀನಾ?"

"ಹೊಟ್ಟೆಪಾಡು, ಪೈಲ್ವಾನ್ರೇ."

ಪೈಲ್ವಾನನ ಕಣ್ಣು ತುಂಬಿತು. "ಇಪ್ಪತ್ತೆರಡು ಸಲ ನೋಡಿದೀನಿ. ನಾಯಕಿ ಮುಖ ನಂಗೆ ಯಾವತ್ತೂ ಹಿಡಿಸ್ಲಿಲ್ಲ. ಆ ಓಟ ಮಾತ್ರ... ಮದುವೆ ಆದ್ರೆ ಹಾಗೆ ಓಡೋಳನ್ನೇ ಆಗ್ಬೇಕು ಅಂತ ಹನ್ನೆರಡು ವರ್ಷ ಕೂತೆ."

ಮೆಹರ್‌ದೀನ್ ಶರಬತ್ತಿನೊಳಗೆ ಮುಖವಿಟ್ಟ.

"ಹೋಗ್ಲಿ ಬಿಡು," ಎಂದು ಪೈಲ್ವಾನ ಕಣ್ಣೊರೆಸಿಕೊಂಡ. "ನೀನು ಬೇರೆಯವನಲ್ಲ. ತಂಗೀನ ಕೊಟ್ಟೆ."

ಫರ್ಜಂದ ಎದ್ದು ಕೂತ.

"ಆದ್ರೆ ಅಂಥೋಳು ಲೋಕದಲ್ಲೇ ಇಲ್ಲ ಅಂದ್ಮೇಲೆ ಇನ್ಯಾರಿಗೆ ಕಾಯ್ಲಿ? ನಾನೂ ಮದುವೆ ಆಗ್ತೀನಿ. ಪದ್ಧತಿ ಪ್ರಕಾರ ಮೊದ್ಲು ನಂದು, ಆಮೇಲೆ ನಿಂದು. ಹುಡುಗೀನ ನೀನೇ ಹುಡುಕು."

"ಎಂಥವಳು ಬೇಕು ಪೈಲ್ವಾನ್ರೇ?"

ಪೈಲ್ವಾನ ಆರನೇ ಬೆರಳನ್ನು ಮೆಲ್ಲಗೆ ಸವರಿದ. "ಮುಖ ಹೇಗಾದ್ರೂ ಇರ್ಲಿ. ನಿನ್ನ ಥರ ಓಡ್ಬೇಕು."

ಪರದೆಯ ಹಿಂದಿನಿಂದ ಶಮೀಮಳ ದನಿ ನಗು ತಡೆದುಕೊಂಡು ಬಂತು: "ಓಡೋಕೆ ಬರ್ದಿದ್ರೆ ಇವರೇ ಕಲಿಸ್ತಾರೆ ಅಣ್ಣಾ. ಇವರು ಹೊದ್ದು ಓಡೋಕೆ ನನ್ನ ಹಳೇ ದುಪಟ್ಟಾ ಕೊಡ್ತೀನಿ. ಮಳೆಗಾಲವೂ ಹತ್ರ ಬಂತು."