ಗೀರು ಬಿದ್ದ ಹೊಸ ಕೋವಿ

ನಮ್ಮ ಚಿಕ್ಕಮ್ಮನ ಹೆಸರಿಗೆ ಕೋವಿ ಲೈಸೆನ್ಸ್ ಬಂದಿದೆ ಎಂಬ ಸುದ್ದಿ ಕೇಳಿ ಮುತ್ತಿನಕೊಪ್ಪದಲ್ಲಿ ಯಾರೂ ಬೆಚ್ಚಿಬೀಳಲಿಲ್ಲ. ಕೋವಿ ಇಲ್ಲದೆಯೇ ಊರನ್ನು ನಡುಗಿಸಿದವಳಿಗೆ ಕೋವಿ ಸಿಕ್ಕರೆಷ್ಟು, ಬಿಟ್ಟರೆಷ್ಟು!

ಕನ್ನಡ ಟೀಚರಾಗಿದ್ದು ನಿವೃತ್ತಳಾದ ಚಿಕ್ಕಮ್ಮನಿಗೆ ತಪ್ಪು ಕಂಡರಾಗದು. ಯಾರದೋ ಮದುವೆ ಕಾಗದದಲ್ಲಿ ಒಂದು ಒತ್ತಕ್ಷರ ತಪ್ಪಿದ್ದಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಕೆಳಗೆ ‘ಗಮನವಿರಲಿ’ ಎಂದು ಬರೆದು ವಾಪಸ್ ಕಳಿಸಿದವಳು ಅವಳು. ಆಮೇಲೆ ಮದುವೆಗೂ ಹೋದಳು ಅನ್ನಿ, ಊಟ ಚೆನ್ನಾಗಿತ್ತಂತೆ! ನರಸಿಂಹರಾಜಪುರದಲ್ಲಿ ಕೊಡೆ ಕೊಳ್ಳಲು ಹೋದರೆ ಒಂದೊಂದನ್ನೂ ಬಿಚ್ಚಿ, ಬಿಸಿಲಿಗೆ ಹಿಡಿದು, ಸೂಜಿಮೊನೆಯಷ್ಟು ಬೆಳಕು ತೂರುತ್ತದೆಯೇ ಎಂದು ಪರೀಕ್ಷೆ. ಹನ್ನೊಂದು ಕೊಡೆ ಫೇಲು. ಹನ್ನೆರಡನೆಯದು ಪಾಸಾಗಿ ಚೌಕಾಸಿ ಮುಗಿಯುವಷ್ಟರಲ್ಲಿ ಬಿಸಿಲೇ ಹೋಗಿತ್ತು!

ಇಂಥವಳಿಗೆ ಕೋವಿ ಏಕೆ? ಮಂಗಗಳ ದೆಸೆಯಿಂದ. ಮೊದಲು ಲೈಸೆನ್ಸ್ ಇದ್ದದ್ದು ಚಿಕ್ಕಪ್ಪನ ಹೆಸರಿನಲ್ಲಿ. ಅವರು ಗಾಳಿಯಲ್ಲಿ ಒಂದು ಈಡು ಹಾರಿಸಿದರೆ ಮಂಗಗಳು ವಾರವಿಡೀ ನಮ್ಮ ಬಾಳೆಯತ್ತ ತಲೆಹಾಕುತ್ತಿರಲಿಲ್ಲ. ಹೋದ ವರ್ಷ ಚಿಕ್ಕಪ್ಪನಿಗೆ ಲಕ್ವ ಹೊಡೆಯಿತು. ಬಲಗೈ ಸ್ವಾಧೀನ ತಪ್ಪಿತು, ತುಟಿ ಒಂದು ಬದಿಗೆ ಎಳೆದುಕೊಂಡಿತು. ಅವರು ಜನರೆದುರು ಬರುವುದನ್ನೇ ಬಿಟ್ಟರು. ಲೈಸೆನ್ಸ್ ಚಿಕ್ಕಮ್ಮನ ಹೆಸರಿಗಾಯಿತು. ಹಳೆಯ ಕೋವಿ ತುಕ್ಕು ಹಿಡಿದಿದ್ದರಿಂದ ಹೊಸದು ಕೊಳ್ಳಬೇಕು. ಅದಕ್ಕೂ ಒಂದು ಗಡುವು. ತಪ್ಪಿದರೆ ಮತ್ತೆ ಕಚೇರಿ ಸುತ್ತುವ ಕರ್ಮ!

ಕೊಪ್ಪದಿಂದ ಕಾರು ತಂದು ಅವಳನ್ನು ಶಿವಮೊಗ್ಗಕ್ಕೆ ಕರೆದೊಯ್ಯುವ ಭಾಗ್ಯ ನನ್ನದು. ಅಲ್ಲಿನ ಕೋವಿ ಅಂಗಡಿಯಲ್ಲಿ ಅವಳಿಗೆ ಬೇಕಾದ ಒಂಟಿ ನಳಿಗೆಯ ಕೋವಿ ಒಂದೇ ಒಂದಿತ್ತು. ಹೊಚ್ಚ ಹೊಸದು. ಆದರೆ ಭುಜಕ್ಕೆ ಒತ್ತಿ ಹಿಡಿಯುವ ಮರದ ಮೇಲೆ ಗೇಣುದ್ದ ಗೀರು!

“ಸಾಗಿಸುವಾಗ ತಾಗಿದ್ದು ಅಮ್ಮಾ. ನಳಿಗೆಗೆ ಏನೂ ಆಗಿಲ್ಲ. ರೇಟಲ್ಲಿ ಕಮ್ಮಿ ಮಾಡ್ಕೊಡ್ತೀನಿ,” ಎಂದ ಅಂಗಡಿಯವ.

“ಹೊಸದು ಅಂತೀರಿ, ಗೀರೂ ಉಂಟು ಅಂತೀರಿ. ಎರಡರಲ್ಲಿ ಒಂದು ಹೇಳಿ!” ಎಂದಳು ಚಿಕ್ಕಮ್ಮ.

ನನ್ನಿಂದ ಗೀರಿನ ಫೋಟೊ ತೆಗೆಸಿಕೊಂಡಳು. ಶುರುವಾಯಿತು ನೋಡಿ ಅಭಿಪ್ರಾಯ ಸಂಗ್ರಹ! ಕೊಪ್ಪದಲ್ಲಿ ಚಿಕ್ಕಪ್ಪನ ಔಷಧಿಗೆಂದು ಹೋದಾಗ ಡಾಕ್ಟರ ಮುಂದೆ ಫೋನ್ ಹಿಡಿದಳು. ಅವರು ಕನ್ನಡಕ ಏರಿಸಿ ನೋಡಿ, “ಸಣ್ಣ ಕ್ರ್ಯಾಕ್. ಆರು ವಾರ ಅಲ್ಲಾಡಿಸ್ಬೇಡಿ. ಯಾರಿಗೆ ಆಗಿದ್ದು?” ಎಂದರು. ಶೃಂಗೇರಿಯಿಂದ ನನ್ನಮ್ಮ ಫೋನಿನಲ್ಲಿ, “ಮಂಗ ಎಂತ ಗೀರು ನೋಡಿ ಓಡ್ತದನೇ? ಶಬ್ದ ಕೇಳಿ ಓಡ್ತದೆ ಮಾರಾಯ್ತಿ!” ಎಂದು ತಂಗಿಗೆ ಬುದ್ಧಿ ಹೇಳಿದಳು. ನರಸಿಂಹರಾಜಪುರದಲ್ಲಿ ಮರಗೆಲಸ ಮಾಡುವ ಸಾಬರು ಫೋಟೊ ನೋಡಿ ನಕ್ಕರು. “ಟೀಚರಮ್ಮಾ, ಒಂದು ಕೈ ಪಾಲಿಶ್ ಹೊಡೆದ್ರೆ ಗೀರು ಎಲ್ಲಿತ್ತು ಅಂತ ನೀವೇ ಹುಡುಕ್ಬೇಕು!”

“ಮುಚ್ಚಿಟ್ರೆ ತಪ್ಪು ಸರಿಯಾದ ಹಾಗಾ?” ಎಂದು ಅವರಿಗೂ ಒಂದು ಪಾಠವಾಯಿತು.

ಅಷ್ಟರಲ್ಲಿ ಮಂಗಗಳು ಬಾಳೆಗೊನೆ ಮುಗಿಸಿ, ಹೀರೆ ಚಪ್ಪರ ಮುಗಿಸಿ, ಜಗಲಿಯ ಮೇಲೆ ಕೂತು ಒಂದರ ಹೇನು ಇನ್ನೊಂದು ಹೆಕ್ಕತೊಡಗಿದ್ದವು. ಚಿಕ್ಕಮ್ಮ ಬೆತ್ತ ಝಳಪಿಸಿದರೆ ಹಲ್ಲು ಕಿರಿದವು. ಅವಳ ಸರ್ವೀಸಿನಲ್ಲೇ ಇಂಥ ವಿದ್ಯಾರ್ಥಿಗಳಿರಲಿಲ್ಲ!

ಗಡುವಿಗೆ ಎರಡು ದಿನ ಉಳಿದಾಗ ಮತ್ತೆ ಶಿವಮೊಗ್ಗಕ್ಕೆ ಹೊರಟೆವು. ಬಹಳ ಒತ್ತಾಯ ಮಾಡಿದ ಮೇಲೆ ಚಿಕ್ಕಪ್ಪನೂ ಬಂದರು, ಕಾರಿನಿಂದ ಇಳಿಯುವುದಿಲ್ಲ ಎಂಬ ಷರತ್ತಿನ ಮೇಲೆ.

ಅಂಗಡಿಯವ ನಮ್ಮನ್ನು ಕಂಡು ಗೆದ್ದವನಂತೆ ಬೀಗಿದ. “ನಿನ್ನೆ ಹೊಸ ಲಾಟ್ ಬಂತು ಅಮ್ಮಾ. ಒಂದು ಚುಕ್ಕೆ ತೋರಿಸಿ ನೋಡುವ!”

ಎರಡೂ ಕೋವಿಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟ. ಚಿಕ್ಕಮ್ಮ ಕನ್ನಡಕ ಒರೆಸಿಕೊಂಡು ಅರ್ಧ ಗಂಟೆ ಹುಡುಕಿದಳು. ಹೊಸದರಲ್ಲಿ ನಿಜಕ್ಕೂ ಒಂದು ಚುಕ್ಕೆ ಇಲ್ಲ! ನಾನು ನಿಟ್ಟುಸಿರು ಬಿಟ್ಟೆ. ಅಷ್ಟು ಹೊತ್ತಿಗೆ ಕಾರಿನಲ್ಲಿ ಕೂತು ಸಾಕಾದ ಚಿಕ್ಕಪ್ಪ, ಗೋಡೆ ಹಿಡಿದು ಮೆಟ್ಟಿಲು ಹತ್ತಿ ತಾವೇ ಒಳಗೆ ಬಂದರು. ಯಾರ ಮುಖವನ್ನೂ ನೋಡದೆ ಮೇಜಿನ ಹತ್ತಿರ ನಿಂತು, ಎಡಗೈಯಿಂದ ಆ ಗೀರನ್ನು ಮೆಲ್ಲಗೆ ಸವರಿದರು.

“ಪಾಪ,” ಎಂದರು, ತೊದಲುತ್ತ. “ಇದನ್ನ ಇನ್ನು ಯಾರು ತಗೊಳ್ತಾರೆ?”

ಚಿಕ್ಕಮ್ಮ ಅವರನ್ನೇ ನೋಡಿದಳು. ಆಮೇಲೆ ಅಂಗಡಿಯವನತ್ತ ತಿರುಗಿ, “ಇದನ್ನೇ ಕೊಡಿ,” ಎಂದಳು.

“ಸರಿ ಅಮ್ಮಾ. ಹೇಳಿದ ಹಾಗೆ ಕಮ್ಮಿ ಮಾಡಿ...”

“ಈಡು ಸರಿಯಾಗಿ ಹಾರ್ತದಲ್ಲಾ?”

“ಫಸ್ಟ್ ಕ್ಲಾಸಾಗಿ ಹಾರ್ತದೆ.”

“ಹಾಗಾದ್ರೆ ಕಮ್ಮಿ ಯಾಕೆ? ಪೂರ್ತಿ ರೇಟು ಹಾಕಿ!”

ಕೊಡೆಯೊಂದಕ್ಕೆ ಮಧ್ಯಾಹ್ನವಿಡೀ ಚೌಕಾಸಿ ಮಾಡಿದವಳು! ಅಂಗಡಿಯವ ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ.

ಮುತ್ತಿನಕೊಪ್ಪ ಮುಟ್ಟಿದಾಗ ಚಿಕ್ಕಮ್ಮ ಹೋಟೆಲಿನ ಮುಂದೆ ಕಾರು ನಿಲ್ಲಿಸಲು ಹೇಳಿದಳು. “ಕಾರಿಗೇ ತರಿಸು,” ಎಂದರು ಚಿಕ್ಕಪ್ಪ. “ಊಹೂಂ, ಒಳಗೆ ಕೂತ್ಕಂಡೇ ಕುಡಿಯುವ,” ಎಂದು ಅವಳೇ ಬಾಗಿಲು ತೆಗೆದು ಕೈಹಿಡಿದು ಇಳಿಸಿದಳು. ಒಳಗಿದ್ದವರು ಮಾತಾಡಿಸಿದರು. ಚಿಕ್ಕಪ್ಪ ತೊದಲುತ್ತಲೇ ಉತ್ತರಿಸಿದರು. ಎಡಗೈಯಲ್ಲಿ ಎತ್ತಿದ ಲೋಟದಿಂದ ಚಾ ತುಳುಕಿ ಬಿಳಿ ಅಂಗಿಯ ಮೇಲೆ ಉದ್ದಕ್ಕೆ ಇಳಿಯಿತು. ಅವರು ಹೆದರಿ ಹೆಂಡತಿಯ ಕಡೆ ನೋಡಿದರು.

ಚಿಕ್ಕಮ್ಮ ತನ್ನ ಲೋಟದಲ್ಲಿದ್ದ ಅರ್ಧ ಚಾವನ್ನು ಅವರ ಲೋಟಕ್ಕೆ ಬಗ್ಗಿಸಿದಳು.