ಚುಕ್ಕೆಯಿಲ್ಲದ ಡಿಸ್‌ಪ್ಲೇ

ಪರೀಕ್ಷೆ ಮಾಡದೆ ಯಾವ ವಸ್ತುವನ್ನೂ ಮನೆಯೊಳಗೆ ಬಿಟ್ಟುಕೊಳ್ಳಬಾರದು ಎಂಬುದು ನನ್ನ ಸಿದ್ಧಾಂತ. ಬಕೆಟ್ ಕೊಳ್ಳುವ ಮೊದಲು ಅಂಗಡಿಯವನ ಕೈಯಲ್ಲೇ ನೀರು ತುಂಬಿಸಿ ನೋಡುತ್ತೇನೆ. ಕುರ್ಚಿಯಾದರೆ ಕೂತು, ಒರಗಿ, ಕಣ್ಣು ಮುಚ್ಚಿ ನೋಡುತ್ತೇನೆ (ಒಮ್ಮೆ ಅಂಗಡಿ ಬಾಗಿಲು ಹಾಕುವಾಗ ಎಬ್ಬಿಸಬೇಕಾಯಿತು). ಉಳಿದದ್ದನ್ನೆಲ್ಲ ಬೆರಳು ಮಡಚಿ ಟಕ್ ಟಕ್ ಎಂದು ಬಡಿದು ಅದರ ಅಂತರಂಗ ಅರಿಯುತ್ತೇನೆ. ನನ್ನನ್ನೂ ಹೀಗೇ ಬಡಿದು ನೋಡಿ ಒಪ್ಪಿಕೊಂಡಿರೇನೋ ಎಂದು ಹೆಂಡತಿ ಹಂಗಿಸುತ್ತಾಳೆ. ಆ ಒಂದು ವ್ಯವಹಾರದಲ್ಲಿ ಮಾತ್ರ ಪರೀಕ್ಷೆ ಮಾಡಿದವರು ಅವಳ ಕಡೆಯವರು. ನಾನು ಹೇಗೆ ಪಾಸಾದೆನೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಮನೆಯ ಗೇಟಿಗೆ ಕಪ್ಪು ಬಣ್ಣ ಬಳಿಯಲು ಬಂದ ಯಾವ ಪೇಂಟರೂ ನನ್ನ ಪರೀಕ್ಷೆಯಲ್ಲಿ ಗೆಲ್ಲದೆ, ಈಚೆಗೊಂದು ಭಾನುವಾರ ನಾನೇ ಬಳಿದೆ. ಕೈಯಲ್ಲಿ ಇನ್ನೂ ಗುಂಡಿ ಒತ್ತುವ ಹಳೇ ಫೋನು ಹಿಡಿದುಕೊಂಡಿರುವುದೂ ಅದಕ್ಕೇ. ಯಾವ ಸ್ಮಾರ್ಟ್‌ಫೋನೂ ನನ್ನ ಕೈಯಲ್ಲಿ ತೇರ್ಗಡೆಯಾಗಲಿಲ್ಲ. ಇಡೀ ಮನೆಗೆ ಸ್ಮಾರ್ಟ್‌ಫೋನ್ ಅಂತ ಇದ್ದದ್ದು ಒಂದೇ, ಹೆಂಡತಿಯದು. ಅದನ್ನವಳು ನನಗೆ ಹೇಳದೆ ಹೋಗಿ ಕೊಂಡುತಂದಿದ್ದಳು.

ಆ ಫೋನಿನ ಮೇಲೆ ಅವಳು ಜೀವ ಇಟ್ಟುಕೊಂಡಿರುವುದಕ್ಕೆ ಕಾರಣ ಅವಳ ಅಕ್ಕ, ಅಂದರೆ ನನ್ನ ಅತ್ತಿಗೆ. ಅತ್ತಿಗೆಗೆ ಹುಟ್ಟಿನಿಂದಲೂ ಕಿವಿ ಕೇಳಿಸದು, ಮಾತು ಬಾರದು. ಅವರಿಗೆ ಕಲಿಸುವ ತಾಳ್ಮೆ ಶಾಲೆಯಲ್ಲಿ ಯಾರಿಗೂ ಇರಲಿಲ್ಲವಾದ್ದರಿಂದ ಓದು ಬರಹವೂ ಹತ್ತಲಿಲ್ಲ. ಅಕ್ಕ ತಂಗಿ ಚಿಕ್ಕಂದಿನಲ್ಲೇ ತಮ್ಮದೊಂದು ಕೈಭಾಷೆ ಕಟ್ಟಿಕೊಂಡರು. ಈಗ ದೂರದ ಊರಲ್ಲಿರುವ ಅತ್ತಿಗೆ ದಿನಾ ಸಂಜೆ ಆರಕ್ಕೆ ವಿಡಿಯೋ ಕರೆ ಮಾಡುತ್ತಾರೆ. ಹೆಂಡತಿ ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ಎರಡೂ ಕೈಯಿಂದ ಹರಟುತ್ತಾಳೆ. ಸದ್ದೇ ಇಲ್ಲದೆ ಅಷ್ಟು ಗದ್ದಲ ಮಾಡಬಹುದು ಅಂತ ಕಣ್ಣಾರೆ ಕಾಣದವರು ನಂಬಲಾರರು. ನಡುನಡುವೆ ಇಬ್ಬರೂ ನನ್ನ ಕಡೆ ನೋಡಿ ನಗುತ್ತಾರೆ. ಏನಂತೆ ಎಂದು ಕೇಳಿದರೆ, “ಕಲ್ತುಕೊಳ್ಳಿ, ಗೊತ್ತಾಗುತ್ತೆ” ಎನ್ನುತ್ತಾಳೆ. ನಾಳೆ ಕಲಿತರಾಯಿತು ಎಂದುಕೊಂಡೇ ನನ್ನ ತಲೆ ನರೆಯಿತು.

ಹೋದ ವಾರ ಒಂದು ಸಂಜೆ ಹೀಗೆ ಹರಟೆ ನಡೆದಿದ್ದಾಗ, ಸಕ್ಕರೆ ಎಷ್ಟು ಉಳಿದಿದೆ ನೋಡೋಣವೆಂದು ನಾನು ಡಬ್ಬವನ್ನು ಟಕ್ ಟಕ್ ಎಂದು ಬಡಿದೆ. ಡಬ್ಬ ಭರ್ತಿಯಾಗಿತ್ತು. ಫೋನು ಜಾರಿ ನೆಲದ ಮೇಲೆ ಬೋರಲಾಗಿ ಬಿತ್ತು.

ಅದು ಸತ್ತಿರಲಿಲ್ಲ, ಕುರುಡಾಗಿತ್ತು. ಕರೆ ಬಂದರೆ ರಿಂಗಾಗುತ್ತಿತ್ತು. ಅಂದಾಜಿನ ಮೇಲೆ ಬೆರಳು ಎಳೆದರೆ ಎತ್ತಿಕೊಳ್ಳುತ್ತಿತ್ತು. ಅಕ್ಕನಿಗೆ ತಂಗಿ ಕಾಣುತ್ತಿದ್ದಳು, ತಂಗಿಗೆ ಕಾಣುತ್ತಿದ್ದದ್ದು ಬರೀ ಕಪ್ಪು ಗಾಜು. ಅದರ ಮುಂದೆ ನಿಂತು ಹೆಂಡತಿ ತನ್ನ ಸುದ್ದಿಯನ್ನೆಲ್ಲ ಕೈಯಲ್ಲಿ ಹೇಳಿ, ಆಮೇಲೆ ಸುಮ್ಮನೆ ಗಾಜನ್ನೇ ನೋಡುತ್ತ ನಿಲ್ಲುವಳು. ಏನು ಮಾಡುತ್ತಿದ್ದೀಯ ಎಂದರೆ, ಅಕ್ಕ ಹೇಳುವುದು ಮುಗಿಯಬೇಡವೇ ಎಂದಳು.

“ಅಕ್ಕನ ಮಗಳು ತುಂಬು ಬಸುರಿ ಕಣ್ರೀ. ಯಾವ ಹೊತ್ತಿಗೆ ಏನು ಸುದ್ದಿ ಬರುತ್ತೋ. ಬೇಗ ಹಾಕಿಸ್ಕೊಂಡು ಬನ್ನಿ, ನಿಮ್ಮ ಪರೀಕ್ಷೆ ಗಿರೀಕ್ಷೆ ಬೇಡ.”

ಬೇಡ ಎಂದರೆ ಬಿಡುವ ಜಾಯಮಾನವೇ ನನ್ನದು? ನಮ್ಮ ಬೀದಿಯ ತಿರುವಿನಲ್ಲಿರುವ ಮೊಬೈಲ್ ರಿಪೇರಿಯವನದು ಒಂದು ಪದ್ಧತಿ. ಹೊಸ ಡಿಸ್‌ಪ್ಲೇಯನ್ನು ಅಂಟಿಸುವ ಮೊದಲು ಬರೀ ತಂತಿಯ ಪಟ್ಟಿ ಸಿಕ್ಕಿಸಿ ಕೈಗೆ ಕೊಡುತ್ತಾನೆ. ನೋಡಿ, ಒಪ್ಪಿಗೆಯಾದರೆ ಅಂಟು ಹಾಕುತ್ತಾನೆ. ಅಂಟು ಹಾಕಿದ ಮೇಲೆ ವಾಪಸಿಲ್ಲ. ಇಂಥ ಸುಸಂಸ್ಕೃತ ಪದ್ಧತಿ ಇರುವ ಅಂಗಡಿ ನನಗೆ ಇಷ್ಟು ವರ್ಷ ಯಾಕೆ ಸಿಗಲಿಲ್ಲವೋ! ತೆರೆಯನ್ನು ಪೂರ್ತಿ ಬಿಳಿ ಮಾಡಿ ಚುಕ್ಕೆ ಹುಡುಕಿದೆ. ಪೂರ್ತಿ ಕಪ್ಪು ಮಾಡಿ ಅಂಚಿನಲ್ಲಿ ಬೆಳಕು ಸೋರುತ್ತದೆಯೇ ಎಂದು ಇಣುಕಿದೆ. ಒಂದು ಚಿತ್ರವನ್ನು ಬೆರಳಲ್ಲಿ ಒತ್ತಿ ಹಿಡಿದು ಮೂಲೆ ಮೂಲೆಗೂ ಮೆರವಣಿಗೆ ಮಾಡಿಸಿದೆ. ಎಲ್ಲ ಸರಿಯಿತ್ತು. ಆದರೆ ಬಿಳಿಯ ಮೇಲೆ, ಬಲಗಡೆ ಮೇಲ್ಭಾಗದಲ್ಲಿ ಒಂದು ಮಸುಕು ಚುಕ್ಕೆ.

“ನನಗೆ ಯಾವ ಚುಕ್ಕೆಯೂ ಕಾಣ್ತಿಲ್ಲ ಸಾರ್,” ಎಂದ ರಿಪೇರಿಯವನು.

“ನಿನಗೆ ಕಾಣದೇ ಇರೋದನ್ನ ನೋಡೋಕೇ ನಾನು ಬಂದಿರೋದು,” ಎಂದೆ.

ಇನ್ನೊಂದು ತೆಗೆದ. ಅದರಲ್ಲೂ ಅದೇ ಜಾಗದಲ್ಲಿ ಚುಕ್ಕೆ. ಮರುದಿನ ಬೇರೆ ಕಡೆಯಿಂದ ತರಿಸಿದ, ಅದರಲ್ಲೂ ಇತ್ತು. ನಾನು ತಲೆ ಆಡಿಸಿದರೆ ಚುಕ್ಕೆಯೂ ಆಚೀಚೆ ಸರಿಯುತ್ತಿತ್ತು (ಎಂಥ ಕಪಟ ಚುಕ್ಕೆ ನೋಡಿ). ತಯಾರಿಸುವವರೇ ಲೋಕಕ್ಕೆಲ್ಲ ಟೋಪಿ ಹಾಕುತ್ತಿದ್ದಾರೆ, ಕಂಡುಹಿಡಿದವನು ನಾನೊಬ್ಬನೇ ಎಂದು ಎದೆ ಉಬ್ಬಿಸಿಕೊಂಡು ಬರಿಗೈಯಲ್ಲಿ ಮನೆಗೆ ಬರುತ್ತಿದ್ದೆ. ಹೆಂಡತಿ ಮತ್ತೆ ಕಪ್ಪು ಗಾಜಿನ ಮುಂದೆ ನಿಲ್ಲುತ್ತಿದ್ದಳು.

ಶುಕ್ರವಾರ ಹೊಸ ಮಾಲು ಬಂದಿದೆ ಎಂದು ರಿಪೇರಿಯವನು ಹೇಳಿಕಳಿಸಿದ. ಆರರೊಳಗೆ ತಂದುಬಿಡಿ ಎಂದು ಹೆಂಡತಿ ಮನಸ್ಸಿಲ್ಲದ ಮನಸ್ಸಿನಿಂದ ಫೋನು ಕೊಟ್ಟಳು. ನಾನು ಅಂಗಡಿಯಲ್ಲಿ ಪರೀಕ್ಷೆಯಲ್ಲಿ ಮುಳುಗಿರುವಾಗಲೇ ಆರಾಯಿತು. ಫೋನು ರಿಂಗಾಯಿತು. ಬೆರಳು ಎಳೆದೆ. ನನ್ನ ಕೈಯಲ್ಲಿ ನೇತಾಡುತ್ತಿದ್ದ ಹೊಸ ಡಿಸ್‌ಪ್ಲೇಯ ತುಂಬ ಅತ್ತಿಗೆ.

ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಚಿತ್ರ ಬೇಕೇ? ಅವರ ಹಿಂದಿನ ಕಿಟಕಿಯಲ್ಲಿ ಮರಗಳು ಸರಸರ ಓಡುತ್ತಿದ್ದವು. ನೋಡಯ್ಯ, ಮರಗಳು ಎಷ್ಟು ನಯವಾಗಿ ಓಡುತ್ತಿವೆ, ಎಲ್ಲೂ ತಡವರಿಸುತ್ತಿಲ್ಲ ಎಂದು ರಿಪೇರಿಯವನಿಗೆ ತೋರಿಸಿದೆ. ಅತ್ತಿಗೆ ಗದ್ದ ಮುಟ್ಟಿಕೊಂಡರು. ಎರಡೂ ಮೊಣಕೈಗಳನ್ನು ಗರಗರ ತಿರುಗಿಸಿದರು. ಅಂಗೈ ಮುಂದೆ ಚಾಚಿದರು. ಎರಡು ಕೈಗಳನ್ನು ಒಂದಕ್ಕೊಂದು ಬಿಗಿಯಾಗಿ ಅಪ್ಪಿಸಿದರು. ಕೊನೆಗೆ ಬೆರಳು ಮಡಚಿ ಗಾಳಿಯಲ್ಲಿ ಟಕ್ ಟಕ್ ಎಂದು ಬಡಿದು ನನ್ನ ಕಡೆ ತೋರಿಸಿದರು. ಬಡಿದು ನೋಡಿದಿರಾ ಎಂದು ಕೇಳುತ್ತಿದ್ದಾರೆ, ಎಷ್ಟಾದರೂ ಅತ್ತಿಗೆ ವಿವೇಕಿ ಎಂದುಕೊಂಡು ಹೆಬ್ಬೆರಳು ಎತ್ತಿ ತೋರಿಸಿದೆ. ಅವರು ಇನ್ನೊಮ್ಮೆ ಎಲ್ಲವನ್ನೂ ಮಾಡಿ ತೋರಿಸಿದರು. ಅವರ ಶಾಲಿನ ಕೆಂಪು ಬಣ್ಣ ಮಾಸುತ್ತದೆಯೇ ಎಂದು ನಾನು ಫೋನನ್ನು ಅತ್ತ ಇತ್ತ ವಾಲಿಸಿ, ಏನೂ ಆಗದ್ದು ಕಂಡು, ಜೋರಾಗಿ ತಲೆಯಾಡಿಸಿ ಮತ್ತೆ ಹೆಬ್ಬೆರಳು ಎತ್ತಿದೆ. ಅವರ ಮುಖ ಅರಳಿತು. ನಾನು ನೋಡಿದ್ದು ಮಾತ್ರ ಅವರ ಹಣೆಯ ಮೇಲೆ ಕೂತಿದ್ದ ಮಸುಕು ಚುಕ್ಕೆಯನ್ನು.

ಆ ಡಿಸ್‌ಪ್ಲೇಯನ್ನೂ ಬೇಡವೆಂದು, ಇನ್ನೂ ಒಂದೆರಡನ್ನು ಜಾಲಾಡಿ, ರಿಪೇರಿಯವನು ಕೈ ಮುಗಿದ ಮೇಲೆ ಮನೆಗೆ ಬಂದೆ. ಕಾಫಿ ಕುಡಿದೆ. ಆಮೇಲೆ ನಿಧಾನವಾಗಿ, ನಿನ್ನ ಅಕ್ಕ ಫೋನ್ ಮಾಡಿದ್ದರು, ಮುಖ ಚೆನ್ನಾಗಿ ಬಂತು ಎಂದೆ.

“ಏನಂದ್ಲು?”

“ಏನೋ ಕೈ ಆಡಿಸಿದರಪ್ಪ.”

“ಹೇಗೆ? ಮಾಡಿ ತೋರಿಸಿ.”

ಗಮನಿಸಿ ನೋಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಗದ್ದ ಮುಟ್ಟಿಕೊಂಡೆ. “ಅದು ನಾನು,” ಎಂದಳು. ಮೊಣಕೈ ತಿರುಗಿಸಿದೆ. “ರೈಲು.” ಅಂಗೈ ಚಾಚಿದೆ. “ನಿಲ್ಲುತ್ತೆ.” ಕೈಗಳನ್ನು ಅಪ್ಪಿಸಿದೆ. “ತಬ್ಬಿಕೋಬೇಕು,” ಎಂದು ಎದ್ದು ನಿಂತಳು. ಬೆರಳು ಮಡಚಿ ಟಕ್ ಟಕ್ ಎಂದೆ.

“ಅದು ನೀವು. ನಿಮಗೆ ಅವಳಿಟ್ಟಿರೋ ಹೆಸರೇ ಅದು. ಮಗಳ ಮನೆಗೆ ಹೊರಟಿದ್ದಾಳೆ, ರೈಲು ಇಲ್ಲಿ ನಿಲ್ಲುತ್ತೆ, ತಂಗೀನ ಕರ್ಕೊಂಡು ಬಾ ಅಂತ ನಿಮಗೆ ಹೇಳಿದ್ದಾಳೆ. ನೀವೇನಂದ್ರಿ?”

ನಾನು ಹೆಬ್ಬೆರಳು ತೋರಿಸಿದೆ.

ಸಿಕ್ಕಿದ ಆಟೋ ಹತ್ತಿ ಸ್ಟೇಷನ್ನಿಗೆ ಓಡಿದೆವು. ರೈಲು ಹೊರಟು ಬಹಳ ಹೊತ್ತಾಗಿತ್ತು. ಪ್ಲಾಟ್‌ಫಾರ್ಮಿನಲ್ಲಿ ಚಹಾ ಮಾರುವವನನ್ನು ಹೆಂಡತಿ ವಿಚಾರಿಸಿದಳು. ಕೆಂಪು ಶಾಲಿನ ಒಬ್ಬ ಹೆಂಗಸು ರೈಲು ನಿಂತಿದ್ದಷ್ಟು ಹೊತ್ತೂ ಬಾಗಿಲಲ್ಲೇ ನಿಂತಿದ್ದರಂತೆ. “ಬೆರಳು ಮಡಚಿ ಬಾಗಿಲಿಗೆ ಟಕ್ ಟಕ್ ಅಂತ ಬಡೀತಾ, ಬಂದೋರು ಹೋದೋರ ಮುಖ ಎಲ್ಲಾ ನೋಡ್ತಿದ್ರಮ್ಮ. ಏನು ಬೇಕಿತ್ತೋ ಪಾಪ, ಯಾರಿಗೂ ಗೊತ್ತಾಗ್ಲಿಲ್ಲ,” ಎಂದ.

ಹೆಂಡತಿ ಬೆಂಚಿನ ಮೇಲೆ ಕೂತಳು. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ, ಬೈಯಲಿಲ್ಲ. ಅಕ್ಕ ತಂಗಿ ಎದುರುಬದುರು ನಿಂತು ಎರಡು ವರ್ಷವಾಗಿತ್ತು. ಬಾಣಂತನಕ್ಕೆ ಹೊರಟ ಅತ್ತಿಗೆ ಇನ್ನು ಎಷ್ಟೋ ತಿಂಗಳು ಈ ಕಡೆ ಬರುವಂತಿರಲಿಲ್ಲ. ನನ್ನ ಕಣ್ಣೂ ಒದ್ದೆಯಾಯಿತು. ಒರೆಸಿಕೊಳ್ಳಲು ಕನ್ನಡಕ ತೆಗೆದೆ. ಬಲಗಾಜಿನ ಮೇಲ್ಭಾಗದಲ್ಲಿ, ಗೇಟಿಗೆ ಬಳಿದ ಕಪ್ಪು ಬಣ್ಣದ ಒಂದು ಸಣ್ಣ ಹನಿ ಒಣಗಿ ಕೂತಿತ್ತು. ಹೆಂಡತಿ ಅದನ್ನು ನೋಡಿದಳು, ನನ್ನನ್ನು ನೋಡಿದಳು. ಕನ್ನಡಕವನ್ನು ಕೈಗೆ ತೆಗೆದುಕೊಂಡು ಹೆಬ್ಬೆರಳಿನ ಉಗುರಿನಿಂದ ಕೆರೆದು ವಾಪಸು ಕೊಟ್ಟಳು.

ಮರುದಿನ ಅವಳೇ ಹೋಗಿ, ಕೈಗೆ ಸಿಕ್ಕಿದ ಡಿಸ್‌ಪ್ಲೇ ಹಾಕಿಸಿಕೊಂಡು ಬಂದಳು. ನಟ್ಟನಡುವೆ ಮೇಲಿನಿಂದ ಕೆಳಗಿನವರೆಗೆ ಒಂದು ಗುಲಾಬಿ ಗೆರೆ ಇದೆ. ಇದು ಕನ್ನಡಕದ್ದಲ್ಲ, ಕನ್ನಡಕ ತೆಗೆದೂ ನೋಡಿದ್ದೇನೆ. ಅತ್ತಿಗೆ ಮೊಮ್ಮಗುವನ್ನು ಎತ್ತಿ ಹಿಡಿದು ತೋರಿಸಿದಾಗ ಗೆರೆ ಸರಿಯಾಗಿ ಮಗುವಿನ ಮೂಗಿನ ಮೇಲೆ ಹಾದುಹೋಗಿತ್ತು. ಹೆಂಡತಿ ಎರಡೂ ಕೈ ಚಾಚಿ ನಗುತ್ತಿದ್ದಳು. ನಾನು ಬಾಯಿ ತೆರೆದು ಮುಚ್ಚಿಕೊಂಡೆ.

ತಪ್ಪಾಯಿತು ಎನ್ನುವುದಕ್ಕೆ ಕೈ ಹೇಗೆ ಮಾಡಬೇಕೆಂದು ಅವಳಿಂದಲೇ ಕಲಿತು, ಸಕ್ಕರೆ ಡಬ್ಬದ ಮುಂದೆ ನಿಂತು ಅತ್ತಿಗೆಗೆ ಮಾಡಿ ತೋರಿಸಿದೆ. ಅವರು ಬೆರಳನ್ನು ಉಂಗುರ ಮಾಡಿ ಕಣ್ಣಿಗಿಟ್ಟುಕೊಂಡು, ಅದರ ಮೇಲೆ ಇನ್ನೊಂದು ಕೈಯ ಹೆಬ್ಬೆರಳಿನ ಉಗುರಿನಿಂದ ಕೆರೆದರು. ಇಬ್ಬರೂ ನಕ್ಕರು.

“ಕ್ಷಮಿಸಿದರಂತಾ?” ಎಂದೆ.

“ಅದೇನೂ ಹೇಳ್ಲಿಲ್ಲ. ಅದು ನಿಮ್ಮ ಹೊಸ ಹೆಸರು,” ಎಂದಳು.

ಇಷ್ಟು ವರ್ಷ ಇದ್ದ ಹಳೆಯ ಹೆಸರು ನನಗೆ ತಿಳಿದು ಇನ್ನೂ ವಾರವಾಗಿರಲಿಲ್ಲ. ಅದೂ ಹೋಯಿತು.