ಚಿಕ್ಕಪ್ಪನ ಕಿವಿ, ಅಜ್ಜಿಯ ನಾಲಿಗೆ

ನಮ್ಮ ಚಿಕ್ಕಪ್ಪನಿಗೆ ಯಾರು ಏನು ಹೇಳಿದರೂ ಕೇಳಿಸುತ್ತಿರಲಿಲ್ಲ. ಕಿವುಡು ಅಂದುಕೊಳ್ಳಬೇಡಿ. ಇಡೀ ಜಯಲಕ್ಷ್ಮಿಪುರಂನಲ್ಲಿ ಅವರಷ್ಟು ಚುರುಕಾದ ಕಿವಿ ಇನ್ನೊಬ್ಬರಿಗಿರಲಿಲ್ಲ. ಆದರೆ ಆ ಕಿವಿಯೊಳಕ್ಕೆ ಹೋಗುತ್ತಿದ್ದದ್ದು ಜನ ಹೇಗೆ ಹೇಳಿದರು ಅನ್ನುವುದು ಮಾತ್ರ. ಏನು ಹೇಳಿದರು ಅನ್ನುವುದು ಜಗಲಿಯ ಮೇಲೇ ಕಾದು ಕೂತಿರುತ್ತಿತ್ತು.

ಸ್ವಾತಂತ್ರ್ಯ ಬಂದು ಐದಾರು ವರ್ಷವಾಗಿದ್ದ ಕಾಲ ಅದು. ಚಿಕ್ಕಪ್ಪ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಂಡಿತರು. ಇಲವಾಲದ ಕಡೆ ಉತ್ತು ಬಿತ್ತಿಕೊಂಡಿದ್ದ ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವರು. ಅಜ್ಜಿ, ನನ್ನ ಅಪ್ಪ ಅಮ್ಮ, ನಾನು, ಚಿಕ್ಕಪ್ಪ ಎಲ್ಲರೂ ಒಂದೇ ಮನೆಯಲ್ಲಿದ್ದೆವು. ಬಂದವರ ನಾಲಿಗೆ ಎಲ್ಲಿ ತಾಗಿತು, ತುಟಿ ಎಷ್ಟು ಮುಚ್ಚಿತು, ಉಸಿರು ಬಾಯಿಂದ ಬಂತೋ ಮೂಗಿಂದಲೋ, ಇದೆಲ್ಲ ಅವರ ಕೋಟಿನ ಜೇಬಿನ ಪುಟ್ಟ ಪುಸ್ತಕಕ್ಕೆ ಸೇರುತ್ತಿತ್ತು. ಬೇರೆಯವರ ಚಿಕ್ಕಪ್ಪಂದಿರು ಅಂಚೆ ಚೀಟಿ ಕೂಡಿಡುತ್ತಿದ್ದರು. ನಮ್ಮವರು ಲಕಾರ ಳಕಾರ ಕೂಡಿಡುತ್ತಿದ್ದರು.

ಒಂದು ಬೆಳಿಗ್ಗೆ ಹಾಲಿನವನು ಓಡೋಡಿ ಬಂದ. "ಸ್ವಾಮೀ, ನಮ್ಮೆಮ್ಮೆ ನಿಮ್ಮ ಗೊಬ್ಬರದ ಗುಂಡಿಗೆ ಬಿದ್ಬುಡ್ತು."

ಚಿಕ್ಕಪ್ಪ ಕನ್ನಡಕ ಏರಿಸಿಕೊಂಡರು. "ಇನ್ನೊಂದು ಸಲ ಹೇಳಪ್ಪ."

"ಬಿದ್ಬುಡ್ತು ಸ್ವಾಮಿ."

"ನೋಡಿದೆಯಾ, ಬಿಡು ಅನ್ನೋದು ನಿನ್ನ ಬಾಯಲ್ಲಿ ಬುಡು ಆಯ್ತು. ಯಾಕೆ ಗೊತ್ತೇನು? ಬಕಾರಕ್ಕೆ ತುಟಿ ಎರಡೂ ಸೇರಬೇಕು. ಸೇರಿದ ತುಟಿ ಬಿಚ್ಚೋಕೆ ಸೋಮಾರಿತನ. ಅದೇ ಮುಂದಿನ ಇಕಾರವನ್ನ ಗುಂಡಗೆ ಮಾಡಿ ಉಕಾರ ಮಾಡಿಬಿಡುತ್ತೆ."

"ನನ್ನ ತುಟಿ ವಿಚಾರ ಆಮೇಲಿರ್ಲಿ ಸ್ವಾಮಿ, ಮೊದಲು ಒಂದು ಹಗ್ಗ ಕೊಡಿ."

ಎಮ್ಮೆ ಮೇಲೆ ಬಂತು. ಅದು ಬರುವಷ್ಟರಲ್ಲಿ ಪುಸ್ತಕದಲ್ಲಿ ಒಂದು ಪುಟ ತುಂಬಿತ್ತು.

ಅವರಿಗೆ ಮದುವೆ ಮಾಡುವ ಪ್ರಯತ್ನವೂ ಒಮ್ಮೆ ನಡೆಯಿತು. ಶ್ರೀರಾಂಪುರದ ಕಡೆ ಹೆಣ್ಣು ನೋಡಲು ಹೋದೆವು. ಹುಡುಗಿ ಬಂದು ಕಾಫಿ ಕೊಟ್ಟಳು. ಚಿಕ್ಕಪ್ಪ ಬಲು ಮರ್ಯಾದೆಯಿಂದ, "ಬಾಳೆಹಣ್ಣಿನ ಬೆಳ್ಳಿ ಬಟ್ಟಲು ಅಂತ ಒಂದು ಸಾರಿ ಹೇಳ್ತೀರಾ?" ಅಂದರು. ಹುಡುಗಿ ನಾಚಿಕೊಂಡೇ ಹೇಳಿದಳು. ಇವರು ಮುಂದಕ್ಕೆ ಬಗ್ಗಿ, "ಇನ್ನೊಂದು ಸಾರಿ, ಬಾಯಿ ಸ್ವಲ್ಪ ಅಗಲಿಸಿ" ಅಂದರು. ಮನೆಗೆ ಬಂದ ಮೇಲೆ ಅಮ್ಮ, "ಹುಡುಗಿ ಹೇಗಿದ್ದಾಳೆ?" ಅಂತ ಕೇಳಿದರೆ, "ಅಂಥ ಳಕಾರ ನಾನು ಮೈಸೂರಿನಲ್ಲೇ ಕೇಳಿಲ್ಲ ಅತ್ತಿಗೆ" ಅಂದರು. ಮುಖ ನೆನಪಿರಲಿಲ್ಲ. ಆ ಕಡೆಯವರು ಮಾರನೇ ದಿನವೇ ಹೇಳಿ ಕಳಿಸಿದರು: ಹುಡುಗ ಪಂಡಿತ ಅಂದಿದ್ದಿರಿ, ಹಲ್ಲಿನ ಡಾಕ್ಟರು ಅಂತ ಮೊದಲೇ ಯಾಕೆ ಹೇಳಲಿಲ್ಲ?

ಸ್ಕೂಲಿನಲ್ಲೂ ಹೀಗೇ. ಮೇಣದ ಬತ್ತಿ ಹಚ್ಚಿಟ್ಟು ಮಕ್ಕಳನ್ನು ಅದರ ಮುಂದೆ ನಿಲ್ಲಿಸುತ್ತಿದ್ದರು. 'ಪಲ' ಅಂದರೆ ಜ್ವಾಲೆ ಸುಮ್ಮನೆ ಅಲುಗಬೇಕು, 'ಫಲ' ಅಂದರೆ ಆರಬೇಕು. ಅಲ್ಪಪ್ರಾಣ, ಮಹಾಪ್ರಾಣದ ಪಾಠ ಅಲ್ಲಿಗೆ ಮುಗಿಯಿತು. ಒಂದು ದಿನ ತಪಾಸಣೆಗೆ ಬಂದ ಇನ್ಸ್‌ಪೆಕ್ಟರು ಗತ್ತಿನಿಂದ ತಾವೂ ಬತ್ತಿಯ ಮುಂದೆ ನಿಂತು 'ಫಲ' ಅಂದರು. ಜ್ವಾಲೆ ಆರಲಿಲ್ಲ.

"ಸಾರ್, ತಾವು ಪಲ ಅಂದಿರಿ," ಅಂದರು ಚಿಕ್ಕಪ್ಪ. ಹೆಡ್‌ಮಾಸ್ಟರು ಕಣ್ಣಲ್ಲೇ ಕೈಮುಗಿದರೂ ಇವರಿಗೆ ಕಾಣಲಿಲ್ಲ. ಇನ್ಸ್‌ಪೆಕ್ಟರು ಮೂರು ಸಲ ಪ್ರಯತ್ನಪಟ್ಟರು. ನಾಲ್ಕನೆಯ ಸಲಕ್ಕೆ ಕೆಮ್ಮು ಬಂದು ಬತ್ತಿ ಆರಿತು. ಅವರು ವರದಿಯಲ್ಲಿ ಬರೆದದ್ದು ಒಂದೇ ಸಾಲು: 'ಪಂಡಿತರು ತರಗತಿಯಲ್ಲಿ ಬೆಂಕಿ ಬಳಸುತ್ತಾರೆ.' ಬರೆಯಲಿ ಬಿಡಿ. ಆ ಸ್ಕೂಲಿನಲ್ಲಿ ಓದಿದವರು ಇವತ್ತಿಗೂ ಪಕಾರ ಫಕಾರ ಬೆರೆಸುವುದಿಲ್ಲ. ನಾನು ಎಷ್ಟೋ ಜನರನ್ನು ಮಾತಿಗೆಳೆದು ನೋಡಿದ್ದೇನೆ.

ನಗುವುದಕ್ಕೆ ಇಷ್ಟು ಸಾಕು. ಮುಂದಿನದನ್ನು ನಾನು ನಗುತ್ತಾ ಹೇಳಿದ್ದಿಲ್ಲ.

ನಾನು ಇಂಟರ್‌ಮೀಡಿಯೆಟ್ ಓದುತ್ತಿದ್ದ ವರ್ಷ ಅಜ್ಜಿ ಬಚ್ಚಲಲ್ಲಿ ಬಿದ್ದರು. ಬಲಗೈ ಬಲಗಾಲು ಸ್ವಾಧೀನ ತಪ್ಪಿತು, ಮಾತು ನಿಂತಿತು. ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರು ಅಪ್ಪನನ್ನು ಪಕ್ಕಕ್ಕೆ ಕರೆದು, "ಕಾಲು ಸ್ವಲ್ಪ ಬರಬಹುದು, ಮಾತಿನ ಆಸೆ ಇಟ್ಟುಕೊಳ್ಳಬೇಡಿ" ಅಂದರು. ಊರಿನ ಹೆಂಗಸರನ್ನೆಲ್ಲ ಬಾಯಲ್ಲೇ ಆಳಿದ ಅಜ್ಜಿ ಅವರು. ಈಗ ಬರೀ "ಆ... ಆ..." ಅನ್ನುತ್ತಿದ್ದರು. ನೀರು ಬೇಕೆಂದರೆ ನಾವು ದಿಂಬು ಕೊಡುತ್ತಿದ್ದೆವು. ದಿಂಬು ಬೇಕೆಂದರೆ ವಿಭೂತಿ ತರುತ್ತಿದ್ದೆವು. ಅವರು ಗೋಡೆಯ ಕಡೆ ಮುಖ ತಿರುಗಿಸಿ ಮಲಗುತ್ತಿದ್ದರು.

ಚಿಕ್ಕಪ್ಪ ದಿನಾ ಸ್ಕೂಲಿಗೆ ಹೊರಡುವ ಮೊದಲು ಒಂದು ಗಂಟೆ ಅವರ ಎದುರು ಕೂತರು. "ಮ ಅನ್ನವ್ವ. ನನ್ನ ತುಟಿ ನೋಡು" ಅಂದು, ಅವರ ಎಡಗೈಯನ್ನು ತಮ್ಮ ಗಂಟಲಿನ ಮೇಲಿಟ್ಟುಕೊಂಡು ಅದುರುವುದನ್ನು ತೋರಿಸಿದರು. ಎರಡು ತಿಂಗಳು ಕಳೆಯಿತು. ಮ ಬರಲಿಲ್ಲ. ಒಂದು ದಿನ ಅಜ್ಜಿ ಎಡಗೈಯಿಂದ ಲೋಟ ಎಸೆದರು. ಚಿಕ್ಕಪ್ಪನ ಹುಬ್ಬು ಒಡೆಯಿತು. ಅವತ್ತು ಅವರು ಜೇಬಿನಿಂದ ಪುಸ್ತಕ ತೆಗೆದು ಗೂಡಿನಲ್ಲಿಟ್ಟದ್ದನ್ನು ನಾನು ಕಂಡೆ.

ಆಮೇಲೊಂದು ಭಾನುವಾರ ಅಜ್ಜಿಯನ್ನು ಜಗಲಿಯಲ್ಲಿ ಕೂರಿಸಿದ್ದೆವು. ಪಕ್ಕದ ಮನೆಯ ಕರು ಒಳನುಗ್ಗಿ ಕನಕಾಂಬರಕ್ಕೆ ಬಾಯಿ ಹಾಕಿತು. ಅಜ್ಜಿ ನಾಲಿಗೆಯನ್ನು ಅಂಗುಳಿಗೆ ಅಂಟಿಸಿ ಲೊಚ್ ಲೊಚ್ ಅಂತ ಕಿತ್ತರು, ಹಿಂದೆಯೇ ತುಟಿ ಅದುರಿಸಿ "ಬುರ್ರ್" ಅಂದರು. ಕರು ತಲೆ ಎತ್ತಿ ನಿಂತಿತು.

ಚಿಕ್ಕಪ್ಪ ಅರ್ಧ ಕ್ಷೌರದ ಮುಖದಲ್ಲೇ ಓಡಿ ಬಂದರು. "ಈ ಸದ್ದಿಗೆ ವರ್ಣಮಾಲೆಯಲ್ಲಿ ಅಕ್ಷರವೇ ಇಲ್ಲ ಕಣೇ," ಅಂದರು ನನಗೆ. "ಪಂಡಿತನ ಹಾಗೆ ಅಕ್ಷರ ಹಿಡಿದು ಕೂತಿದ್ದೆ ನಾನು. ಅವ್ವ ಮಾತು ಶುರು ಮಾಡಿದ್ದು ದನದ ಹಟ್ಟಿಯಲ್ಲಲ್ವಾ?"

ಮಾರನೇ ದಿನದಿಂದ ಕರುವನ್ನು ಕೇಳಿ ತಂದು ಅಂಗಳದಲ್ಲಿ ಕಟ್ಟಿದರು. ಕರಿ ಕೋಟು, ಪೇಟ ತೊಟ್ಟ ಪಂಡಿತರು ಬೇಲಿಯಾಚೆಯ ಜನರೆದುರು ಎತ್ತು ಹೊಡೆಯುವ, ಕೋಳಿ ಕರೆಯುವ, ನಾಯಿ ಗದರುವ ಸದ್ದನ್ನೆಲ್ಲ ಮಾಡಿದರು. ಜನ ನಕ್ಕರು. ನನಗೆ ಒಂದಿಷ್ಟೂ ನಾಚಿಕೆಯಾಗಲಿಲ್ಲ. ಆ ಬೇಲಿಯ ಪಕ್ಕ ಎದೆ ಸೆಟೆಸಿ ನಿಂತಿದ್ದವಳು ನಾನೇ. ಬುರ್ರ್‌ನಿಂದ ಬಕಾರ ಬಂತು, ಕೋಳಿ ಕರೆಯುವ "ಬಾ ಬಾ" ಬಂತು. ಬಾ ಬಂದ ಮೇಲೆ ಮ ಬಂತು. ನನ್ನನ್ನು ಅಜ್ಜಿ "ಮಗಾ" ಅಂದ ದಿನ ಅಮ್ಮ ಒಲೆಯ ಮೇಲಿದ್ದ ಹಾಲು ಮರೆತರು.

ಏಳನೆಯ ತಿಂಗಳಲ್ಲಿ ಡಾಕ್ಟರು ತಾವಾಗಿಯೇ ನೋಡಲು ಬಂದರು. ಚಿಕ್ಕಪ್ಪ ಆಗಷ್ಟೇ ನಾಲ್ಕು ಇಡ್ಲಿ ತಿಂದು ಕೈ ತೊಳೆದು ಬಂದಿದ್ದರು. ಅಜ್ಜಿ ಮಗನ ಮುಖವನ್ನೇ ನೋಡಿ, ಒಂದೊಂದು ಮಾತನ್ನೂ ಎತ್ತಿ ಇಟ್ಟ ಹಾಗೆ ಕೇಳಿದರು: "ಮಗಾ, ಒಟ್ಟೆ ಅಸೀತದಾ?"

ಡಾಕ್ಟರು ಕುರ್ಚಿಯ ತುದಿಗೆ ಸರಿದರು. "ಭೇಷ್ ಪಂಡಿತರೇ. ಇನ್ನು ಹಕಾರ ಒಂದು ಬಾಕಿ. ಅದನ್ನೂ ಕಲಿಸಿಬಿಡಿ."

"ಅದು ಕಾಯಿಲೆಯಲ್ಲಿ ಹೋದದ್ದಲ್ಲ ಡಾಕ್ಟ್ರೇ," ಅಂದರು ಚಿಕ್ಕಪ್ಪ. "ನಮ್ಮವ್ವನ ಬಾಯಲ್ಲಿ ಅದು ಯಾವತ್ತೂ ಇರಲಿಲ್ಲ. ಅವಳದ್ದು ಅವಳಿಗೆ ಪೂರ್ತಿ ಬಂದಿದೆ."

ಆಮೇಲೆ ಅಜ್ಜಿಯ ಕಾಲ ಬಳಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು.

"ಊಂ ಕಣವ್ವಾ, ಅಸೀತದೆ," ಅಂದರು.

ಅಮ್ಮ ಒಳಗೆ ಹೋಗಿ ರಾತ್ರಿಯ ತಂಗಳು ಮುದ್ದೆ ತಂದರು. ಅಜ್ಜಿ ಎಡಗೈಯಿಂದಲೇ ಒಂದೊಂದು ತುತ್ತು ಮುರಿದುಕೊಟ್ಟರು. ಚಿಕ್ಕಪ್ಪ ಒಂದನ್ನೂ ಬೇಡ ಅನ್ನದೆ ಅಷ್ಟನ್ನೂ ತಿಂದರು.